ಓದಲು ಹೋಗುವ ವೀಸಾ, ದುಡಿಯಲು ಹೋಗುವ ವೀಸಾ

(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ವಿದ್ಯಾರ್ಥಿಗಳು ಹಾಗೂ ಹೆತ್ತವರಿಗಾಗಿ ನಡೆದ ಮಾಹಿತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಊರಿನ ಮನೆಗಳಿಗೆ ವಿದೇಶವೆಂಬುದು ಹೊಸತಲ್ಲ. ಗಲ್ಫಿಗೆ ಹೋಗಿ ದುಡಿದ ಒಬ್ಬರಾದರೂ ಇಲ್ಲದ ಕುಟುಂಬ ನಮ್ಮಲ್ಲಿ ಕಡಿಮೆ. ವೀಸಾ, ಇಖಾಮಾ, ಕಫೀಲ್ ಎಂಬ ಮಾತುಗಳನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಆದರೆ ಆ ಅನುಭವದ ಅಳತೆಗೋಲನ್ನು ಹಿಡಿದು, ಓದಲು ಹೊರಟ ಮಗನನ್ನೋ ಮಗಳನ್ನೋ ಅಳೆಯಬೇಡಿ. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟನ್ನೇ.

ಗಲ್ಫಿಗೆ ಹೋದವರು ದುಡಿಯುವ ವೀಸಾದಲ್ಲಿ ಹೋದರು. ಯುಎಇ, ಸೌದಿ ಅರೇಬಿಯಾಗಳಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಬಂದ ಸಂಬಳದಲ್ಲಿ ಖರ್ಚು ಕಳೆದು ಉಳಿದದ್ದು ಮನೆಗೆ ಬರುತ್ತಿತ್ತು. ಬ್ರಿಟನ್, ಜರ್ಮನಿ, ಕೆನಡಾಗಳಿಗೆ ಓದಲು ಹೋಗುವವರ ವೀಸಾ ಓದಿಗೆ ಕೊಟ್ಟದ್ದು. ಕೆಲಸ ಎಂಬುದು ಅದರೊಳಗಿನ ಸಣ್ಣ ರಿಯಾಯಿತಿ ಮಾತ್ರ. “ಮೊದಲು ಹೋಗು, ಪಾರ್ಟ್ ಟೈಮ್ ಮಾಡಿ ಫೀಸು ಕಟ್ಟಬಹುದು” ಎಂದು ಯಾರಾದರೂ ಹೇಳಿದರೆ ಅಲ್ಲೇ ಕುಳಿತು ಲೆಕ್ಕ ಕೇಳಿ.

ಆ ಲೆಕ್ಕವನ್ನು ಈಗಲೇ ಮಾಡೋಣ. ಬ್ರಿಟನ್ನಿನಲ್ಲಿ ಪದವಿ ಅಥವಾ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿ ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. 2025ರ ಏಪ್ರಿಲ್‌ನಲ್ಲಿ 21 ವರ್ಷ ಮೇಲ್ಪಟ್ಟವರಿಗೆ ನಿಗದಿಯಾದ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್. ಒಂದು ವಾರವೂ ಬಿಡದೆ ದುಡಿದರೆ ತಿಂಗಳಿಗೆ ಸುಮಾರು 1,050 ಪೌಂಡ್ ಆಯಿತು. ಲಂಡನ್ನಿನ ಹೊರಗೆ ಓದುವವರ ಜೀವನ ಖರ್ಚಿಗೆ ತಿಂಗಳಿಗೆ 1,171 ಪೌಂಡಿನಂತೆ ಒಂಬತ್ತು ತಿಂಗಳ ಹಣ ತೋರಿಸಬೇಕೆಂದು ಅಲ್ಲಿನ ಸರಕಾರವೇ 2025ರ ನವೆಂಬರ್‌ನಿಂದ ಕೇಳುತ್ತಿದೆ. ಅಂದರೆ ಕಾನೂನುಬದ್ಧ ದುಡಿಮೆ ಊಟ, ಬಾಡಿಗೆಗೇ ಸಾಲದು. ಫೀಸಿನ ಮಾತೆಲ್ಲಿ?

ಈ 20 ಗಂಟೆಯಲ್ಲಿಯೂ ಎಡವುವ ಜಾಗಗಳಿವೆ. ಇದು ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ. ಈ ವಾರ 10, ಮುಂದಿನ ವಾರ 30 ಎಂದು ಸರಿದೂಗಿಸುವಂತಿಲ್ಲ. ಎರಡು ಕಡೆ ಕೆಲಸ ಮಾಡಿದರೆ ಎರಡನ್ನೂ ಕೂಡಿಸಬೇಕು. ಒಂದು ವರ್ಷದ ಸ್ನಾತಕೋತ್ತರ ಕೋರ್ಸಿನಲ್ಲಿ ಬೇಸಿಗೆಯ ಪ್ರಬಂಧದ ತಿಂಗಳುಗಳು ರಜೆಯಲ್ಲ, ಅವೂ ತರಗತಿಯ ಅವಧಿಯೇ. ಸ್ವಂತ ವ್ಯಾಪಾರ, ಸ್ವಯಂ ಉದ್ಯೋಗ ನಿಷಿದ್ಧ. ಆದುದರಿಂದ ಬೇರೊಬ್ಬರ ಖಾತೆಯನ್ನು ಬಾಡಿಗೆಗೆ ಪಡೆದು ಊಟದ ಪೊಟ್ಟಣ ತಲುಪಿಸುವ ಕೆಲಸಕ್ಕೆ ಇಳಿಯಲೇಬೇಡಿ.

ಬೇರೆ ದೇಶಗಳ ನಿಯಮ ಬೇರೆ. ಕೆನಡಾದಲ್ಲಿ 2024ರ ನವೆಂಬರ್ 8ರಿಂದ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಎರಡು ವಾರಕ್ಕೆ 48 ಗಂಟೆ. ಜರ್ಮನಿಯಲ್ಲಿ 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಅಮೆರಿಕದ ಎಫ್-1 ವೀಸಾದಲ್ಲಿ ತರಗತಿಯ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ. ಮೊದಲ ವರ್ಷ ಹೊರಗಿನ ಕೆಲಸಕ್ಕೆ ಅವಕಾಶವಿಲ್ಲ. ಈ ಅಂಕಿಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಆ ದೇಶದ ಸರಕಾರಿ ಜಾಲತಾಣದಲ್ಲಿ ನೀವೇ ಓದಿಕೊಳ್ಳಿ.

ಇನ್ನು ವಾಸದ ವಿಷಯ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ದೃಢೀಕರಣ ಪತ್ರ ಬೇಕು. ನೋಂದಣಿಯಾದ ಮೇಲೆಯೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುವುದು. “ಬಾಡಿಗೆ ಕಡಿಮೆ, ಆದರೆ ಕಾಗದ ಕೊಡುವುದಿಲ್ಲ” ಎನ್ನುವ ಕೋಣೆ ಕೊನೆಗೆ ದುಬಾರಿಯಾಗುತ್ತದೆ. ಅಮೆರಿಕದಲ್ಲಿ ವಿಳಾಸ ಬದಲಾದರೆ 10 ದಿನದೊಳಗೆ ತಿಳಿಸಬೇಕು.

ಮೂರನೆಯದು ತೆರಿಗೆ. ಹೆದರಬೇಕಾಗಿಲ್ಲ, ಅಲಕ್ಷ್ಯ ಮಾಡಬಾರದು ಅಷ್ಟೆ. ಬ್ರಿಟನ್ನಿನಲ್ಲಿ ವರ್ಷಕ್ಕೆ 12,570 ಪೌಂಡಿನವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಹೆಚ್ಚು ಕಡಿತವಾಗಿದ್ದರೆ ಮರಳಿ ಕೇಳಬಹುದು. ಸಂಬಳದ ಚೀಟಿಗಳನ್ನು ಜೋಪಾನವಾಗಿಡಿ. ಆಸ್ಟ್ರೇಲಿಯಾದಲ್ಲಿ ತೆರಿಗೆ ಸಂಖ್ಯೆ ಕೊಡದಿದ್ದರೆ ಗರಿಷ್ಠ ದರದಲ್ಲಿ ಕಡಿತ ಮಾಡುತ್ತಾರೆ. ಅಮೆರಿಕದಲ್ಲಿ ಒಂದು ಡಾಲರ್ ದುಡಿಯದಿದ್ದರೂ ಹೊಸ ವಿದ್ಯಾರ್ಥಿ ಫಾರಂ 8843 ಸಲ್ಲಿಸಬೇಕು. ದುಡಿದವರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ: ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಭಾರತದ ವಿದ್ಯಾರ್ಥಿಗಳು ಅಲ್ಲಿನ ನಾಗರಿಕರಂತೆ ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯಬಹುದು. ಗೊತ್ತಿಲ್ಲದವರು ಇದನ್ನು ಕಳೆದುಕೊಳ್ಳುತ್ತಾರೆ.

ಊರಿನ ಲೆಕ್ಕವನ್ನೂ ಮರೆಯಬೇಡಿ. ರಿಸರ್ವ್ ಬ್ಯಾಂಕಿನ 2003ರ ಡಿಸೆಂಬರ್ 8ರ ಸುತ್ತೋಲೆಯಂತೆ, ಓದಲು ಹೋದವರನ್ನು ವಿದೇಶಿ ವಿನಿಮಯ ಕಾನೂನಿನಲ್ಲಿ ಅನಿವಾಸಿ ಭಾರತೀಯರೆಂದೇ ಪರಿಗಣಿಸಲಾಗುತ್ತದೆ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಲು ಬ್ಯಾಂಕಿಗೆ ಹೇಳಬೇಕು. ಹೆತ್ತವರು ಕಳುಹಿಸುವ ಹಣ ಆರ್ಥಿಕ ವರ್ಷವೊಂದಕ್ಕೆ 10 ಲಕ್ಷ ರೂಪಾಯಿ ಮೀರಿದರೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ; ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ 2025ರ ಏಪ್ರಿಲ್‌ನಿಂದ ಅದು ಇಲ್ಲ. ಹಿಡಿದ ಹಣ ಮುಳುಗುವುದಿಲ್ಲ. ಕಳುಹಿಸಿದವರ ಪಾನ್ ನಂಬರಿನಲ್ಲಿ ಅದು ಜಮೆಯಾಗಿರುತ್ತದೆ, ರಿಟರ್ನ್ ಸಲ್ಲಿಸಿದರೆ ಸಿಗುತ್ತದೆ. ಹಾಗಾಗಿ ರಿಟರ್ನ್ ಸಲ್ಲಿಸುವವರ ಖಾತೆಯಿಂದಲೇ ಕಳುಹಿಸಿ.

ಸಾಲ ಪಡೆಯುವವರಿಗೊಂದು ಮಾತು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಬಡ್ಡಿ ಸಹಾಯ ನೀಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತುಹೋಗಿದೆ. ಅದನ್ನು ನಂಬಿ ಹೆಜ್ಜೆ ಇಡಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಮಂಗಳೂರಿನ ಜಿಲ್ಲಾ ಕಚೇರಿಯಲ್ಲಿ ವಿದೇಶ ವ್ಯಾಸಂಗ ಸಾಲದ ಬಗ್ಗೆ ವಿಚಾರಿಸಿ, ಸೀಟು ಖಚಿತವಾಗುವ ಮೊದಲೇ ವಿಚಾರಿಸಿ.

ಕೊನೆಯದಾಗಿ ಹೆತ್ತವರಲ್ಲಿ ಒಂದು ವಿನಂತಿ. ತೋಟ ಅಡವಿಟ್ಟು, ತಾಯಿಯ ಚಿನ್ನ ಮಾರಿ ಮಕ್ಕಳನ್ನು ಕಳುಹಿಸುತ್ತೀರಿ. ಆ ಭಾರ ಮಕ್ಕಳಿಗೆ ಗೊತ್ತಿದೆ. ಆರು ತಿಂಗಳಾಗುವಾಗ ಫೋನಿನಲ್ಲಿ “ಹಣ ಯಾವಾಗ ಕಳುಹಿಸುತ್ತೀ?” ಎಂದು ಕೇಳಿದರೆ, ಅವರು 20 ಗಂಟೆಯ ಗೆರೆ ದಾಟಿ, ಚೀಟಿಯಿಲ್ಲದೆ ಕೈಗೆ ನಗದು ಕೊಡುವವರ ಬಳಿ ರಾತ್ರಿ ಪಾಳಿಗೆ ನಿಲ್ಲುತ್ತಾರೆ. ಸಂಬಳ ಸಿಗದಿದ್ದರೂ ದೂರು ಕೊಡಲು ಧೈರ್ಯವಿರುವುದಿಲ್ಲ. ಸಿಕ್ಕಿಬಿದ್ದರೆ ವೀಸಾ ರದ್ದಾಗಬಹುದು. ಫೀಸೂ ಹೋಗಿ, ಪದವಿಯೂ ಹೋಗಿ, ಸಾಲ ಮಾತ್ರ ಊರಲ್ಲಿ ಉಳಿಯುತ್ತದೆ.

ಆದುದರಿಂದ ಕೋರ್ಸು ಮುಗಿಯುವವರೆಗಿನ ಫೀಸು ಮತ್ತು ಖರ್ಚಿಗೆ ದಾರಿ ಕಂಡ ಮೇಲೆಯೇ ಮಕ್ಕಳನ್ನು ವಿಮಾನ ಹತ್ತಿಸಿ. ದಾರಿ ಕಾಣದಿದ್ದರೆ ಒಂದು ವರ್ಷ ಕಾಯುವುದು ಅವಮಾನವಲ್ಲ. ವಿದ್ಯಾರ್ಥಿಗಳೇ, ನೀವು ಹೋದ ಮೇಲೆ ಮನೆಗೆ ನಿಜವನ್ನೇ ಹೇಳಿ. ಹೆತ್ತವರೇ, ಆ ನಿಜವನ್ನು ಕೇಳುವ ತಾಳ್ಮೆ ನಿಮ್ಮಲ್ಲಿರಲಿ.