ಬ್ಯಾಗ್‌ಪೈಪಿನಲ್ಲಿ ಜಾಝ್: ವಾದ್ಯ ಯಾರದು?

(ಮಾಂಟ್ ಕಿಯಾರಾದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಮಾಂಟ್ ಕಿಯಾರಾ ಇರುವ ಇದೇ ಕ್ವಾಲಾಲಂಪುರದ ಸಿಖ್ ಬ್ಯಾಗ್‌ಪೈಪ್ ತಂಡ ‘ಶ್ರೀ ದಶ್ಮೇಶ್’. 2019ರಲ್ಲಿ ಅದು ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ, ಬ್ಯಾಗ್‌ಪೈಪ್ ತಂಡಗಳ ವಿಶ್ವ ಸ್ಪರ್ಧೆಯಲ್ಲಿ ತನ್ನ ದರ್ಜೆಯ ಮೊದಲ ಸ್ಥಾನ ಪಡೆಯಿತು. ವಸಾಹತು ಕಾಲದ ಮಲಯಕ್ಕೆ ಬ್ರಿಟಿಷರು ಸಿಖ್ಖರನ್ನು ಪೊಲೀಸರನ್ನಾಗಿ, ಸಿಪಾಯಿಗಳನ್ನಾಗಿ ಕರೆತಂದರು. ಬ್ಯಾಗ್‌ಪೈಪ್ ಅವರ ದಂಡಿನ ಜೊತೆ ಏಷ್ಯಾಕ್ಕೆ ಬಂತು. ಆಳಿದವರ ವಾದ್ಯವನ್ನು ಆಳಿಸಿಕೊಂಡವರ ಸಂತತಿ ಆಳಿದವರ ನೆಲದಲ್ಲೇ ನುಡಿಸಿ ಗೆದ್ದಿತು. ಇದು ದೊಡ್ಡ ಗೆಲುವು. ಆದರೆ ಅಲ್ಲಿ ಅಳತೆಗೋಲು ಸ್ಕಾಟ್ಲೆಂಡಿನದೇ ಆಗಿತ್ತು. ಅದೇ ವಾದ್ಯವನ್ನು ಬೇರೆಯೇ ಅಳತೆಗೋಲಿಗೆ ಒಗ್ಗಿಸಿದವರೊಬ್ಬರು ಅಮೆರಿಕದಲ್ಲಿದ್ದರು.

ರೂಫಸ್ ಹಾರ್ಲಿ 1936ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿ, ಫಿಲಡೆಲ್ಫಿಯಾದಲ್ಲಿ ಬೆಳೆದ ಆಫ್ರಿಕನ್ ಅಮೆರಿಕನ್ ಸ್ಯಾಕ್ಸೋಫೋನ್ ವಾದಕರು. 1963ರ ನವೆಂಬರಿನಲ್ಲಿ ಅಧ್ಯಕ್ಷ ಕೆನಡಿಯವರ ಅಂತ್ಯಯಾತ್ರೆಯಲ್ಲಿ ‘ಬ್ಲ್ಯಾಕ್ ವಾಚ್’ ಪಡೆಯ ಬ್ಯಾಗ್‌ಪೈಪ್ ಅವರ ಮನಸ್ಸನ್ನು ಹಿಡಿಯಿತು. ಆ ನಾದ ಸ್ಯಾಕ್ಸೋಫೋನಿನಲ್ಲಿ ದಕ್ಕಲಿಲ್ಲ. ನ್ಯೂಯಾರ್ಕಿನ ಗಿರವಿ ಅಂಗಡಿಯೊಂದರಲ್ಲಿ 120 ಡಾಲರು ಕೊಟ್ಟು ಬ್ಯಾಗ್‌ಪೈಪನ್ನೇ ಕೊಂಡರು. 1965ರಲ್ಲಿ ಅಟ್ಲಾಂಟಿಕ್ ಸಂಸ್ಥೆಗಾಗಿ ‘ಬ್ಯಾಗ್‌ಪೈಪ್ ಬ್ಲೂಸ್’ ಧ್ವನಿಮುದ್ರಿಸಿದರು.

ಈ ಸಾಹಸದ ಕಷ್ಟ ಏನೆಂಬುದು ಕರ್ನಾಟಕ ಸಂಗೀತ ಕೇಳಿದವರಿಗೆ ಬೇಗ ಅರ್ಥವಾಗುತ್ತದೆ. ಸ್ಕಾಟಿಷ್ ಬ್ಯಾಗ್‌ಪೈಪಿನಲ್ಲಿ ಇರುವುದು ಒಂಬತ್ತೇ ಸ್ವರ: ಕೆಳಗಿನ ನಿಷಾದದಿಂದ ಮೇಲಿನ ಷಡ್ಜದವರೆಗೆ. ಅದರ ಸ್ವರಶ್ರೇಣಿ ಹೆಚ್ಚುಕಡಿಮೆ ಹರಿಕಾಂಭೋಜಿಯದು. ಹಿಂದೆ ಮೂರು ಕೊಳವೆಗಳು ಷಡ್ಜವನ್ನು ಬಿಡದೆ ಮೊರೆಯುತ್ತವೆ, ತಂಬೂರಿಯಂತೆ. ಚೀಲದ ಗಾಳಿ ಹರಿಯುತ್ತಲೇ ಇರುವುದರಿಂದ ಸ್ವರಗಳ ನಡುವೆ ಮೌನವಿಲ್ಲ. ಏರುದನಿ, ಇಳಿದನಿಯೂ ಇಲ್ಲ. ಜಾಝ್ ಸಂಗೀತಕ್ಕೋ ಮೌನ ಬೇಕು, ಒತ್ತು ಬೇಕು, ಹೆಜ್ಜೆಹೆಜ್ಜೆಗೂ ಬದಲಾಗುವ ಸ್ವರಮೇಳಗಳು ಬೇಕು. ಷಡ್ಜ ಕದಲದ ವಾದ್ಯದಲ್ಲಿ ಅವು ಬದಲಾಗುವುದು ಹೇಗೆ?

ಉತ್ತರ ಆ ಕಾಲದ ಜಾಝ್‌ನಲ್ಲೇ ಸಿದ್ಧವಾಗುತ್ತಿತ್ತು. 1959ರಲ್ಲಿ ಮೈಲ್ಸ್ ಡೇವಿಸ್ ತಂದ ‘ಕೈಂಡ್ ಆಫ್ ಬ್ಲೂ’, ಅದರ ನಂತರದ ಜಾನ್ ಕೋಲ್ಟ್ರೇನ್ ಸಂಗೀತ, ಒಂದೇ ಸ್ವರಶ್ರೇಣಿಯಲ್ಲಿ ದೀರ್ಘಕಾಲ ನಿಂತು ವಿಸ್ತರಿಸುವ ದಾರಿ ತೆರೆದಿದ್ದವು. ಆ ದಾರಿಯಲ್ಲಿ ಕದಲದ ಷಡ್ಜ ಕೊರತೆಯಾಗದೆ ಆಸರೆಯಾಯಿತು. 1974ರಲ್ಲಿ ಮಾಂಟ್ರೂ ಉತ್ಸವದಲ್ಲಿ ಸೋನಿ ರಾಲಿನ್ಸ್ ಅವರಂಥ ಹಿರಿಯರೊಡನೆ ಹಾರ್ಲಿ ನುಡಿಸಿದರು.

ಆದರೂ ಅವರನ್ನು ಅನೇಕರು ಕಂಡದ್ದು ವಿಚಿತ್ರ ವಸ್ತುವಾಗಿ. ದೂರದರ್ಶನದ ಊಹೆಯಾಟಗಳಿಗೆ ಅವರಿಗೆ ಆಹ್ವಾನ ಬಂತು. ಹೊಟ್ಟೆಪಾಡಿಗೆ ಮಾತ್ರ ಫಿಲಡೆಲ್ಫಿಯಾದ ಸರ್ಕಾರಿ ವಸತಿ ಸಂಸ್ಥೆಯ ಕೆಲಸ ಮಾಡಬೇಕಾಯಿತು. 2006ರಲ್ಲಿ ತೀರಿಕೊಂಡರು. ಕರಿಯರು ಸ್ಕಾಟಿಷ್ ವಾದ್ಯ ನುಡಿಸಿದರೆ ವಿಚಿತ್ರ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ರೂಪಿಸಿದ ಸ್ಯಾಕ್ಸೋಫೋನ್ ನುಡಿಸಿದರೆ ಸಹಜ. ಇಲ್ಲಿ ‘ಸಹಜ’ ಎಂಬುದು ಬರಿಯ ರೂಢಿ, ಅಷ್ಟೆ.

ಈ ಮಾತಿಗೆ ಕನ್ನಡ ನಾಡಿನಲ್ಲೇ ಸಾಕ್ಷಿಯಿದೆ. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆ ಬ್ಯಾಂಡಿನ ಸ್ಯಾಕ್ಸೋಫೋನಿಗೆ ಮರುಳಾಗಿ, ಗಮಕಕ್ಕೆ ಒಗ್ಗುವಂತೆ ಅದನ್ನು ಮಾರ್ಪಡಿಸಿ, ವರ್ಷಗಟ್ಟಲೆ ಪಳಗಿಸಿದರು. ನಾಗಸ್ವರದವರಿಗೆ ದೇವಸ್ಥಾನದ ಸೇವೆಯನ್ನೂ ಮದುವೆ ಮೆರವಣಿಗೆಯನ್ನೂ ಮೀಸಲಿಟ್ಟು, ಕಚೇರಿಯ ವೇದಿಕೆಯನ್ನು ಹೆಚ್ಚಾಗಿ ಮೇಲ್ಜಾತಿಗಳೇ ಇಟ್ಟುಕೊಂಡ ಸಮಾಜವದು. ಅಂಥಲ್ಲಿ ಸ್ಯಾಕ್ಸೋಫೋನಿಗೆ ಜಾತಿಯ ವಿಳಾಸವಿರಲಿಲ್ಲ. 1994ರಲ್ಲಿ ಅವರು ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದರು. 2008ರ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆಯಲ್ಲಿ ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರಿಗೆ ಜೊತೆಯಾದರು. ಹಾರ್ಲಿ ಸ್ಯಾಕ್ಸೋಫೋನಿನಿಂದ ಷಡ್ಜದ ಕಡೆ ನಡೆದರೆ, ಗೋಪಾಲನಾಥರು ಷಡ್ಜವನ್ನು ಬಿಡದೆ ಸ್ಯಾಕ್ಸೋಫೋನಿನ ಕಡೆ ನಡೆದರು.

ವಲಸೆ ಹೋದ ಸಮುದಾಯಗಳು ಶುದ್ಧತೆಯ ವಿಷಯದಲ್ಲಿ ತವರಿಗಿಂತ ಬಿಗಿಯಾಗುವುದುಂಟು. ‘ನಮ್ಮದು’ ಎಂಬ ಪಟ್ಟಿ ಹಿಡಿದು ಮಕ್ಕಳನ್ನು ವೇದಿಕೆಗೆ ಹತ್ತಿಸುವ ಕನ್ನಡ ಸಂಘಗಳೂ ಇದಕ್ಕೆ ಹೊರತಲ್ಲ. ಆ ಪಟ್ಟಿಯ ಪಿಟೀಲು ಯುರೋಪಿನಿಂದ ಬಂದದ್ದು; ಹಾರ್ಮೋನಿಯಮ್ಮೂ ಅಷ್ಟೇ. ಹಾಗೆಂದು ಎಲ್ಲ ಬೆರಕೆಯೂ ದೊಡ್ಡದೆಂದಲ್ಲ. ಸೇನೆಯ ವಾದ್ಯವನ್ನು ಎತ್ತಿಕೊಂಡ ಮಾತ್ರಕ್ಕೆ ಸಾಮ್ರಾಜ್ಯದ ಲೆಕ್ಕ ಚುಕ್ತಾ ಆಗುವುದಿಲ್ಲ. ವಾದ್ಯವನ್ನು ಸ್ವಂತವಾಗಿಸುವುದು ದುಡಿಮೆ: ಅದರ ಮಿತಿಯನ್ನು ಅರಿತು, ಅದರೊಳಗೆ ತನ್ನ ಜನರ ಮಾತನ್ನು ಹುಡುಕುವ ವರ್ಷಗಳ ದುಡಿಮೆ. ಕೇಳುಗರಿಗೂ ಒಂದು ಹೊಣೆಯಿದೆ. ನುಡಿಸುವವರ ಮೈಬಣ್ಣ, ಕುಲ, ಊರುಗಳನ್ನು ಕಂಡು ಅಚ್ಚರಿಪಟ್ಟು ಎದ್ದುಹೋಗದೆ, ರಾಗ ಮುಗಿಯುವವರೆಗೆ ಕುಳಿತು ಕೇಳುವುದು. ಕೇಳಿದ ಮೇಲೆ ಕಲಾವಿದರಿಗೆ ಸಲ್ಲಬೇಕಾದ ಸಂಭಾವನೆಯನ್ನು ಸಲ್ಲಿಸುವುದು.