ಮನೆತನದ ವ್ಯಾಪಾರ ಮತ್ತು ಕೊಟ್ಟ ಮಾತು



ನಿಮ್ಮಲ್ಲಿ ಹಲವರು ಸಂಜೆ ತಂದೆಯ ಅಂಗಡಿಯಲ್ಲಿ ಕೂರುವವರು. ನಾಳೆ ಅದನ್ನು ನಡೆಸಬೇಕಾದವರೂ ನೀವೇ. ಆ ಅಂಗಡಿ ಯಾವ ಮೌಲ್ಯಗಳ ಮೇಲೆ ನಿಂತಿದೆ ಎಂಬುದು ಗಿರಾಕಿಗೆ, ಕೆಲಸಗಾರನಿಗೆ, ಸ್ವತಃ ನಿಮಗೆ ಹೇಗೆ ತಿಳಿಯಬೇಕು? ಇಂದಿನ ನನ್ನ ವಿಷಯ ಇದೇ.

ಒಂದು ಉದಾಹರಣೆ ನೋಡೋಣ. ರೂಹ್ ಅಫ್ಜಾ ಶರಬತ್ತು ಕುಡಿಯದವರು ನಮ್ಮಲ್ಲಿ ವಿರಳ. ಅದನ್ನು ತಯಾರಿಸಿದ ಹಮ್‌ದರ್ದ್ ಸಂಸ್ಥೆಯನ್ನು ಹಕೀಮ್ ಹಾಫಿಜ್ ಅಬ್ದುಲ್ ಮಜೀದ್ ಅವರು 1906ರಲ್ಲಿ ದೆಹಲಿಯಲ್ಲಿ ಒಂದು ಯುನಾನಿ ಔಷಧಾಲಯವಾಗಿ ಆರಂಭಿಸಿದರು. ಉರ್ದು ತರಗತಿಯಲ್ಲಿ ನೀವು ಕಲಿತಿದ್ದೀರಿ: 'ಹಮ್' ಎಂದರೆ ಜೊತೆ, 'ದರ್ದ್' ಎಂದರೆ ನೋವು. ನೋವಿನಲ್ಲಿ ಜೊತೆಯಾಗುವವನೇ ಹಮ್‌ದರ್ದ್. ರೋಗಿಗೆ ಕೊಟ್ಟ ಮಾತು ಹೆಸರಿನಲ್ಲೇ ಇತ್ತು.

1922ರಲ್ಲಿ ಅವರು ತೀರಿಕೊಂಡಾಗ ಮಕ್ಕಳಿನ್ನೂ ಚಿಕ್ಕವರು. ಪತ್ನಿ ರಾಬಿಯಾ ಬೇಗಂ ಅವರು ಸಂಸ್ಥೆಯನ್ನು ಕಾಪಾಡಿದರು. ಹಿರಿಯ ಮಗ ಹಕೀಮ್ ಅಬ್ದುಲ್ ಹಮೀದ್ 1948ರಲ್ಲಿ ಅದನ್ನು ವಕ್ಫ್ ಮಾಡಿದರು. ಕಿರಿಯ ಮಗ ಹಕೀಮ್ ಮುಹಮ್ಮದ್ ಸಈದ್ ಪಾಕಿಸ್ತಾನಕ್ಕೆ ಹೋಗಿ ಕರಾಚಿಯಲ್ಲಿ ಹಮ್‌ದರ್ದ್ ಕಟ್ಟಿದರು. 1953ರಲ್ಲಿ ಅದನ್ನೂ ವಕ್ಫ್ ಮಾಡಿದರು. ದೇಶ ಎರಡಾದರೂ ಮನೆತನದ ಉದ್ದೇಶ ಒಂದೇ ಆಗಿ ಉಳಿಯಿತು. ವ್ಯಾಪಾರದ ಲಾಭ ಯಾರಿಗೆ ಸಲ್ಲಬೇಕೆಂಬುದು ಬರಹಕ್ಕೆ ಇಳಿಯಿತು. 1989ರಲ್ಲಿ ದೆಹಲಿಯ ಜಾಮಿಯಾ ಹಮ್‌ದರ್ದ್ ಡೀಮ್ಡ್ ವಿಶ್ವವಿದ್ಯಾಲಯವಾದಾಗ ಅದನ್ನು ಜನ ಕಣ್ಣಾರೆ ಕಂಡರು.

ಹೀಗೆ ಹೆಸರಿನಿಂದ, ಬರಹದಿಂದ, ಕೆಲಸದಿಂದ, ಮೂರು ಬಗೆಯಲ್ಲಿ ಮಾತು ತಲುಪಿತು. ನಮ್ಮ ಮನೆಯಲ್ಲಿ ಎರಡನೆಯದು ತಪ್ಪಿತು.

ನನ್ನ ತಂದೆಯವರದು ಚಿಕ್ಕ ದಿನಸಿ ಅಂಗಡಿ. ತೂಕದಲ್ಲಿ ಎಂದೂ ಮೋಸವಿಲ್ಲ ಎಂದು ಊರೇ ಹೇಳುತ್ತಿತ್ತು. ಅವರು ತೀರಿಹೋದ ಮೇಲೆ, ಇಪ್ಪತ್ತು ವರ್ಷ ಅಲ್ಲಿ ದುಡಿದ ಹಿರಿಯರೊಬ್ಬರು ಬಂದು, "ಮಗಳ ಕಾಲೇಜು ಫೀಸು ನಾನೇ ಕಟ್ಟುತ್ತೇನೆ ಎಂದಿದ್ದರು ನಿಮ್ಮ ಅಬ್ಬಾ" ಎಂದರು. ಯಾವ ಲೆಕ್ಕದ ಪುಸ್ತಕದಲ್ಲೂ ಅದು ಇರಲಿಲ್ಲ. ನಾವು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಾರದ ನಂತರ ಹಣವನ್ನೇನೋ ಕೊಟ್ಟೆವು. ಆದರೆ ಅಂದು ನಮ್ಮ ಕಣ್ಣಲ್ಲಿದ್ದ ಅನುಮಾನವನ್ನು ಅವರು ಕಂಡಿದ್ದರು. ಮತ್ತೆ ಅಂಗಡಿಗೆ ಬರಲಿಲ್ಲ. ತಂದೆ ಗಳಿಸಿದ ವಿಶ್ವಾಸ ನಮ್ಮ ಕೈಯಲ್ಲಿ ಅಷ್ಟು ಬೇಗ ಸೋರಿಹೋಯಿತು.

ಆದ್ದರಿಂದ ವಿದ್ಯಾರ್ಥಿಗಳೇ, ಇಂದೇ ನಿಮ್ಮ ಹಿರಿಯರನ್ನು ಕೇಳಿ: ಈ ವ್ಯಾಪಾರ ಏಕೆ ಶುರುವಾಯಿತು? ಯಾವುದನ್ನು ನಾವು ಎಂದೂ ಮಾಡುವುದಿಲ್ಲ? ಯಾರಿಗೆ ಏನು ಮಾತು ಕೊಟ್ಟಿದ್ದೀರಿ? ಉತ್ತರವನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ. ಕೆಲಸಗಾರರಿಗೂ, ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ. ಓದು ಬರಹ ಕಲಿತ ನಿಮ್ಮಿಂದ ಮನೆತನಕ್ಕೆ ಸಲ್ಲಬೇಕಾದ ಮೊದಲ ಸೇವೆ ಇದೆಂದು ನಾನು ಭಾವಿಸುತ್ತೇನೆ.