ಒಂದೇ ಮೈಕಿನ ಮುಂದೆ ಯಾರು ಎಲ್ಲಿ ನಿಲ್ಲಬೇಕು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಬರೆದು ಕೊಟ್ಟದ್ದು.)



ವೇದಿಕೆಯ ಮೇಲಿರುವ ಹಿರಿಯರೆ, ಓಣಿಯ ತಾಯಂದಿರೆ, ಉಮರ್ಗಾ, ನಿಲಂಗಾ, ಉದಗೀರ ಕಡೆಯಿಂದ ಬಸ್ಸು ಹಿಡಿದು ಬಂದ ತಮ್ಮಗಳಿರಾ,

ಸಂಘದವರು ನನಗೆ "ಶಿಕ್ಷಣದ ಬಗ್ಗೆ ನಾಲ್ಕು ಮಾತು ಹೇಳ್ರಿ" ಅಂದಿದ್ದರು. ಆ ವಿಷಯ ಹೇಳುವವರು ನನಗಿಂತ ಬಲ್ಲವರು ಇಲ್ಲೇ ಕೂತಿದ್ದಾರೆ. ನಾನು ಹಾಡು, ಬಾಜಾ ರೆಕಾರ್ಡ್ ಮಾಡುವವ. ನನ್ನ ಕಸುಬಿನ ಮಾತನ್ನೇ ಹೇಳ್ತೀನಿ. ಬೇಸರ ಬಂದರೆ ಚಪ್ಪಾಳೆ ಹೊಡೆದು ಇಳಿಸಿಬಿಡ್ರಿ.

ನಿಮ್ಮ ಮೊಬೈಲಿನಲ್ಲಿ ಎಷ್ಟು ಭೀಮಗೀತೆ ಅವ, ಎಣಿಸಿ ನೋಡ್ರಿ. ನೂರು ಇರಬಹುದು, ಇನ್ನೂರು ಇರಬಹುದು. ವಾಮನದಾದಾ ಕರ್ಡಕ ಬರೆದದ್ದು ಇರ್ತದ, ವಿಠ್ಠಲ ಉಮಪ ಹಾಡಿದ್ದು ಇರ್ತದ. ಇರಲೇಬೇಕು. ಆದರೆ ಅದರಲ್ಲಿ ನಿಮ್ಮ ಓಣಿಯ ಕಾಕಾ ಹಾಡಿದ್ದು ಎಷ್ಟು? ನಿಮ್ಮ ಆಯಿ ಹೇಳಿದ್ದು ಎಷ್ಟು? ನಮ್ಮ ಕಡೆ ಒಂದು ಸೊಲ್ಲು ಮರಾಠಿ, ಮುಂದಿನ ಸೊಲ್ಲು ಕನ್ನಡ ಮಾಡಿ ಹಾಡುವವರು ಇದ್ದಾರಲ್ಲ, ಆ ಹಾಡು ಯಾವ ಕ್ಯಾಸೆಟ್ಟಿನಲ್ಲೂ ಸಿಗುವುದಿಲ್ಲ. 1956ರ ತನಕ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲಿದ್ದವು. ಗಡಿ ಸರಿದರೂ ನಾಲಿಗೆ ಸರಿಯಲಿಲ್ಲ. ಮುಂಬಯಿ, ಪುಣೆಯ ಕಂಪನಿಗಳಿಗೆ ಈ ಬೆರಕೆ ಹಾಡು ಬೇಕಾಗಿಲ್ಲ, ಬೆಂಗಳೂರಿನವರಿಗೆ ಇಂಥವು ಇವೆ ಅನ್ನುವುದೇ ಗೊತ್ತಿಲ್ಲ. ನಾವು ಹಿಡಿದಿಡದಿದ್ದರೆ ಇವು ಹೋಗ್ತಾವ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಆಯಿತು. ಔಸಾ, ಉಮರ್ಗಾ ತಾಲೂಕಿನ ಊರೂರುಗಳೇ ಕಲ್ಲಿನ ಗುಡ್ಡೆಯಾದವು. ಮನೆ ಮತ್ತೆ ಕಟ್ಟಿದರು, ಊರನ್ನು ಬೇರೆ ಜಾಗದಲ್ಲಿ ಎಬ್ಬಿಸಿದರು. ಆ ರಾತ್ರಿ ಹೋದವರಲ್ಲಿ ಹಾಡುವವರು ಎಷ್ಟು ಮಂದಿ ಇದ್ದರೋ, ಅವರ ದನಿ ಈಗ ಯಾರ ಹತ್ತಿರ ಅದ?

"ಸ್ಟುಡಿಯೋಕ್ಕ ಹೋಗೋಣ ಅಣ್ಣಾ" ಅನ್ನುತ್ತಾರೆ ಹುಡುಗರು. ಹೋಗಿ ನೋಡಿದ್ದೇವೆ. ದೊಡ್ಡ ಊರಿನ ಒಂದು ಸ್ಟುಡಿಯೋಕ್ಕೆ ಒಂದು ಪಾರ್ಟಿಯ ಜೊತೆ ನಾನೂ ಹೋಗಿದ್ದೆ, ಹೆಸರು ಬೇಡ. ಅಲ್ಲಿ ಹಾಡುವವರನ್ನು ಗಾಜಿನ ಕೋಣೆಯಲ್ಲಿ ಒಬ್ಬೊಬ್ಬರಾಗಿ ಕೂಡಿಸಿದರು. ಹಲಗಿಯವರನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ಚಹಾ ಕೊಟ್ಟರು. ಸಂಜೆ ತನಕ ಚಹಾನೇ. ಹಲಗಿಯ ಜಾಗದಲ್ಲಿ ಪ್ಯಾಡಿನ ಬಡಿತ ಹಾಕಿ ಮುಗಿಸಿದರು. "ಹಲಗಿ ಭಾಳ ಸದ್ದು ಮಾಡ್ತದ, ಮೈಕು ಒಡೀತದ" ಅನ್ನುವುದು ಅವರ ಕಾರಣ. ಯಾವ ದನಿ ಎಷ್ಟಿರಬೇಕು, ಯಾವುದು ಇರಲೇಬಾರದು ಅನ್ನುವುದನ್ನು ಬೇರೆಯವರು ಗುಂಡಿ ತಿರುವಿ ತೀರ್ಮಾನಿಸಿದರು.

ಆದ್ದರಿಂದ ನಾನು ಬೇರೆ ಒಂದು ದಾರಿ ಹೇಳ್ತೀನಿ. ಒಂದೇ ಒಂದು ಸ್ಟೀರಿಯೋ ಮೈಕು, ಎಲ್ಲರೂ ಒಟ್ಟಿಗೆ, ನಮ್ಮ ಅಂಗಳದಲ್ಲೇ.

ಸ್ಟೀರಿಯೋ ಮೈಕು ಅಂದರೆ ಎರಡು ಕಿವಿ ಇರುವ ಮೈಕು. ಕೈಯಲ್ಲಿ ಹಿಡಿಯುವ ರೆಕಾರ್ಡರಿನ ತಲೆಯ ಮೇಲೆ ಎರಡು ಸಣ್ಣ ಗುಂಡು ಕತ್ತರಿಯ ಹಾಗೆ ಅಡ್ಡಡ್ಡ ಕೂತಿರುತ್ತವೆ, ನೋಡಿರಬಹುದು. ಒಂದು ಎಡಕ್ಕೆ, ಒಂದು ಬಲಕ್ಕೆ, ನಡುವೆ 90 ಡಿಗ್ರಿ. ಬಲಗಡೆ ನಿಂತವನ ದನಿ ಒಂದರಲ್ಲಿ ಜೋರು, ಇನ್ನೊಂದರಲ್ಲಿ ಸಣ್ಣ. ಅಷ್ಟರಿಂದಲೇ ಕೇಳುವವನ ತಲೆಯಲ್ಲಿ ಅಂಗಳದ ಚಿತ್ರ ಮೂಡುತ್ತದೆ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಇಂಜಿನಿಯರು ಈ ಯುಕ್ತಿಗೆ 1931ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದ. ಎರಡೂ ಗುಂಡು ಒಂದೇ ಜಾಗದಲ್ಲಿ ಇರುವುದರಿಂದ ಇನ್ನೊಂದು ಲಾಭ ಉಂಟು: ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಹಚ್ಚಿದರೂ ಹಾಡು ಕೆಡುವುದಿಲ್ಲ. ನಮ್ಮ ಮಂದಿ ಕೇಳುವುದು ಮೊಬೈಲಿನಲ್ಲಿ, ಆಟೋದಲ್ಲಿ. ಇದು ಸಣ್ಣ ಮಾತಲ್ಲ.

ಆದರೆ ಒಂದು ಕರಾರು. ಆಮೇಲೆ ಏನೂ ತಿದ್ದಲಿಕ್ಕೆ ಬರುವುದಿಲ್ಲ. "ದನಿ ಸ್ವಲ್ಪ ಏರಿಸ್ರಿ, ಪೇಟಿ ಇಳಿಸ್ರಿ" ಅಂದರೆ ಆಗದ ಮಾತು, ಎಲ್ಲಾ ಕೂಡಿಯೇ ಒಳಗೆ ಹೋಗಿದೆ. ಯಾರು ಎಷ್ಟು ಕೇಳಿಸಬೇಕು ಅನ್ನುವುದನ್ನು ಹಾಡುವ ಮೊದಲೇ, ನೆಲದ ಮೇಲೆ, ನಿಲ್ಲುವ ಜಾಗದಿಂದಲೇ ತೀರ್ಮಾನಿಸಬೇಕು.

ಹಾಗಾದರೆ ಯಾರು ಎಲ್ಲಿ?

ಮೈಕನ್ನು ಸ್ಟ್ಯಾಂಡಿನ ಮೇಲೆ ಆರೂವರೆ, ಏಳು ಅಡಿ ಎತ್ತರಕ್ಕೆ ಏರಿಸಿ, ಮೂತಿ ಸ್ವಲ್ಪ ಕೆಳಗೆ ಬಾಗಿಸ್ರಿ. ಮುಖ್ಯ ಹಾಡುಗಾರ ಅದರಿಂದ ಮೂರು, ನಾಲ್ಕು ಅಡಿ ದೂರ, ನಟ್ಟನಡುವೆ. ಹಿಮ್ಮೇಳದವರು ಅವರ ಎರಡೂ ಬದಿಗೆ ಅರ್ಧಚಂದ್ರ ಮಾಡಿ, ಆರು ಅಡಿಗೆ. ಢೋಲಕಿ ಒಂದು ಕಡೆ, ಪೇಟಿ ಇನ್ನೊಂದು ಕಡೆ. ತುಂತುಣಿಯ ದನಿ ಸಣ್ಣದು, ಅದನ್ನು ಹಾಡುಗಾರನ ಬಗಲಿಗೇ ನಿಲ್ಲಿಸ್ರಿ. ತಾಳದ ಸದ್ದು ಚೂಪು, ಎಲ್ಲರನ್ನೂ ಸೀಳಿಕೊಂಡು ಬರುತ್ತದೆ, ತಾಳದವನು ಹಿಂದಕ್ಕೆ. ಬ್ಯಾಂಜೋ ಇದ್ದರೆ ಅದರ ಸ್ಪೀಕರ್ ಡಬ್ಬಿಯನ್ನೂ ಒಬ್ಬ ಮನುಷ್ಯ ಅಂತ ತಿಳಿದು ಸಾಲಿನಲ್ಲಿ ಜಾಗ ಕೊಡ್ರಿ. ಕೆನಡಾದ ಕೌಬಾಯ್ ಜಂಕೀಸ್ ಅನ್ನುವ ಬ್ಯಾಂಡು 1987ರ ನವೆಂಬರ್ 27ರಂದು ಟೊರಾಂಟೋದ ಒಂದು ಚರ್ಚಿನಲ್ಲಿ ಒಂದೇ ಮೈಕಿನ ಸುತ್ತ ನಿಂತು ತಮ್ಮ ಆಲ್ಬಮ್ಮಿನ ಬಹುಪಾಲು ಹಾಡು ಮುಗಿಸಿತು. ಗಾಯಕಿಯ ದನಿ ಮೆಲುವಾಗಿತ್ತು ಅಂತ ಅದನ್ನು ಸ್ಪೀಕರಿನಲ್ಲಿ ಬಿಟ್ಟು, ಆ ಸ್ಪೀಕರನ್ನೇ ಮೈಕಿನ ಮುಂದೆ ಇಟ್ಟರು. ಆ ಆಲ್ಬಮ್ಮು ಇವತ್ತಿಗೂ ಮಾರಾಟವಾಗ್ತದ.

ಇನ್ನು ಹಲಗಿ. ಇಲ್ಲೇ ಜಗಳ ಹುಟ್ಟುವುದು.

ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಹಲಗಿ ಮನುಷ್ಯನ ಕೊರಳಿಗಿಂತ ಎಷ್ಟೋ ಪಟ್ಟು ಜೋರು. ಹಾಡುಗಾರ ನಾಲ್ಕು ಅಡಿಯಲ್ಲಿದ್ದರೆ ಹಲಗಿಯವರು ಹದಿನೈದು, ಹದಿನಾರು ಅಡಿ ಹಿಂದೆ ನಿಲ್ಲಬೇಕು. ಲೆಕ್ಕ ಇದು. ಆದರೆ ನಮ್ಮ ಹುಡುಗ ಒಬ್ಬ ಕೋಲು ಕೆಳಗಿಟ್ಟು ಕೇಳಿದ: "ಊರ ಹೊರಗ ನಿಲ್ಲಿಸಿದ್ದು ಸಾಕಾಗಲಿಲ್ಲೇನು, ಇಲ್ಲಿನೂ ನಾವೇ ಹಿಂದ ನಿಲ್ಲಬೇಕಾ?"

ಈ ಪ್ರಶ್ನೆಗೆ ನಗಬಾರದು. ಬಿಟ್ಟಿ ಚಾಕರಿ ಮಾಡಿಸಿಕೊಂಡವರು ಹಲಗಿಯವನನ್ನು ಎಲ್ಲಿ ನಿಲ್ಲಿಸುತ್ತಿದ್ದರು ಅನ್ನುವುದು ಈ ಮೈದಾನದಲ್ಲಿ ಕೂತ ಅಜ್ಜಂದಿರಿಗೆ ಗೊತ್ತು. ಸಾವಿಗೆ ಬಾರಿಸು, ಡಂಗುರ ಸಾರು, ದೇವರ ಮುಂದೆ ಬಾರಿಸು, ಗುಡಿಯ ಒಳಗೆ ಮಾತ್ರ ಬರಬೇಡ. ಅದಕ್ಕೇ 1956ರ ದೀಕ್ಷೆಯ ಆಮೇಲೆ ಎಷ್ಟೋ ಓಣಿಗಳು ಆ ಚಾಕರಿಯನ್ನೇ ಬಿಟ್ಟವು. ಕೆಲವರ ಹೊಟ್ಟೆ ಮಾತ್ರ ಅದರ ಮೇಲೇ ನಡೀತಿತ್ತು, ಅವರು ಬಿಡಲಿಕ್ಕಾಗಲಿಲ್ಲ. ಬಿಟ್ಟವರದೂ ಸರಿ, ಇಟ್ಟುಕೊಂಡವರದೂ ಸರಿ. ಈ ಎರಡು ಓಣಿಯವರು ಇದರ ಮೇಲೆ ಒಬ್ಬರನ್ನೊಬ್ಬರು ಹೀಯಾಳಿಸುವುದು ಮಾತ್ರ ಸರಿಯಲ್ಲ. ಇವತ್ತು ಹಲಗಿ ಹಿಡಿಯಲು ಒಲ್ಲೆ ಅನ್ನುವ ಹಿರಿಯರಿದ್ದರೆ, ರೆಕಾರ್ಡಿನ ಆಸೆಗೆ ಅವರನ್ನು ಒತ್ತಾಯ ಮಾಡಬೇಡ್ರಿ.

ಆ ಹುಡುಗನಿಗೆ ನಾನು ಬಾಯಿಮಾತು ಹೇಳಲಿಲ್ಲ. ಎರಡು ಸಲ ರೆಕಾರ್ಡ್ ಮಾಡಿದೆವು. ಮೊದಲು ಅವನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಆಮೇಲೆ ಹದಿನೈದು ಅಡಿಗೆ. ಹೆಡ್‌ಫೋನು ಅವನ ಕಿವಿಗೇ ಹಾಕಿದೆ. ಮುಂದೆ ನಿಂತಾಗ ಒಂದೇ ಸದ್ದು: ಧಬ್, ಧಬ್. ಕಾಕಾನ ಹಾಡಿನ ಒಂದು ಅಕ್ಷರ ಇಲ್ಲ. ಹಿಂದೆ ನಿಂತಾಗ ಹಾಡೂ ಇತ್ತು, ಎಡಗೈಯ ತೆಳ್ಳನೆ ಕಡ್ಡಿಯ ಚರಚರ ಕೂಡ ಇತ್ತು. ಅವನೇ ಹೋಗಿ ಜಾಗ ಹಿಡಿದು ನಿಂತ. ಇನ್ನೂ ಒಂದು ಮಾಡಿದೆವು: ಹಲಗಿಯವರನ್ನು ಮೂಲೆಗೆ ತಳ್ಳದೆ ನಟ್ಟನಡುವೆ, ಹಾಡುಗಾರನ ಬೆನ್ನ ಹಿಂದೆ, ಮೈಕಿಗೆ ಕಾಣುವ ಹಾಗೆ ಇಟ್ಟೆವು. ಹಲಗಿಯ ಮುಖವನ್ನು ಸ್ವಲ್ಪ ಓರೆ ತಿರುಗಿಸಿದರೆ ಇನ್ನಷ್ಟು ಹದ. ಕೇಳಿದರೆ ಇಡೀ ಮೇಳ ಹಲಗಿಯ ಆಸರೆಯ ಮೇಲೆ ನಿಂತಂತೆ ಕೇಳಿಸುತ್ತದೆ. ಇದನ್ನು ತಮಟೆ ಅನ್ನಿ, ತೆಲುಗು ಕಡೆಯ ಡಪ್ಪು ಅನ್ನಿ, ತಮಿಳರ ಪರೈ ಅನ್ನಿ, ಈ ಜಾಗದ ಲೆಕ್ಕ ಬದಲಾಗುವುದಿಲ್ಲ.

ಇದು ಹೊಸ ಲೆಕ್ಕವೂ ಅಲ್ಲ. 1902ರಲ್ಲಿ ಗ್ರಾಮೋಫೋನ್ ಕಂಪನಿಯ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನರ ಹಾಡು ಹಿಡಿದಾಗ ಕರೆಂಟಿನ ಮೈಕೇ ಇರಲಿಲ್ಲ, ಒಂದು ತುತ್ತೂರಿಯಂಥ ಕೊಂಬು. ಆ ಕಾಲದಲ್ಲಿ ಹಾಡುವವರು ಕೊಂಬಿನ ಬಾಯಿಗೆ ಬಾಯಿ ಕೊಟ್ಟು ಹಾಡುತ್ತಿದ್ದರು, ಜೋರು ವಾದ್ಯದವರು ದೂರ ಕೂಡುತ್ತಿದ್ದರು.

ಈಗ ಕೆಲವು ಸಣ್ಣ ಮಾತು, ಬರೆದುಕೊಳ್ಳುವವರು ಬರೆದುಕೊಳ್ರಿ.

ಸಮಾಜ ಮಂದಿರದ ಪತ್ರಾ ಛಾವಣಿಯ ಕೆಳಗೆ ಹಲಗಿ ಬಾರಿಸಿ ರೆಕಾರ್ಡ್ ಮಾಡಬೇಡ್ರಿ, ಸದ್ದು ತಗಡಿಗೆ ಬಡಿದು ವಾಪಸ್ ಬಂದು ಎಲ್ಲಾ ಕಲಸಿಹೋಗ್ತದ. ಬೇವಿನ ಗಿಡದ ಕೆಳಗೆ ಒಳ್ಳೆಯದು. ಒಳಗೇ ಮಾಡಬೇಕಾದರೆ ನೆಲಕ್ಕೂ ಗೋಡೆಗೂ ಕೌದಿ ಹಾಕ್ರಿ. ನಮ್ಮ ಅಜ್ಜಿಯರು ಹೊಲಿದ ಕೌದಿಗಿಂತ ಒಳ್ಳೆಯ ಸ್ಟುಡಿಯೋ ಸಾಮಾನು ನಾನು ನೋಡಿಲ್ಲ. ಗಾಳಿಗೆ ಮೈಕಿನ ಮೇಲೆ ಸ್ಪಂಜಿನ ಟೋಪಿ ಬೇಕೇ ಬೇಕು. ಏಪ್ರಿಲ್‌ನಲ್ಲಿ ಜಯಂತಿಯ ಹೊತ್ತಿಗೆ ಮಧ್ಯಾಹ್ನದ ಗಾಳಿ ಏನೂ ಮಾಡಲು ಬಿಡುವುದಿಲ್ಲ. ಬೆಳಿಗ್ಗೆ ಮಾಡಬೇಕು, ಆದರೆ ಬೆಳಿಗ್ಗೆ ಹಾಡುವವರ ಕೊರಳು ಬಿಚ್ಚಿರುವುದಿಲ್ಲ. ಎರಡು ಸಲ ಚಹಾ ಆಗಲಿ. ಜಯಂತಿಯ ದಿನವೇ ಮಾಡ್ತೀನಿ ಅನ್ನುವವರಿಗೆ ನನ್ನದು ಕೈಮುಗಿತ, ಡಿಜೆ ಮುಂದೆ ಯಾವ ಮೈಕೂ ನಡೆಯುವುದಿಲ್ಲ.

ಹಲಗಿ ಕಾಯಿಸಿದ ಮೇಲೆ ಚರ್ಮ ಬಿಗಿಯಾಗಿ ದನಿ ಏರುತ್ತದೆ, ಆರಿದಂತೆ ಇಳಿಯುತ್ತದೆ. ಹೀಗಾಗಿ ಜಾಗ ಹುಡುಕುವ ಕೆಲಸ ಎಲ್ಲಾ ಮುಗಿದ ಮೇಲೆ ಕೊನೆಗೆ ಕಾಯಿಸ್ರಿ, ಕಾಯಿಸಿದ ಕೂಡಲೇ ಹಾಡ್ರಿ. ಬೆಂಕಿ ಮೈಕಿನಿಂದ ದೂರ ಇರಲಿ, ಕಟ್ಟಿಗೆಯ ಚಟಚಟ ಕೂಡ ರೆಕಾರ್ಡ್ ಆಗ್ತದ.

ಮೊಬೈಲಿನಲ್ಲೇ ಮಾಡಿದರೆ ಏನು? ಹೆಚ್ಚಿನ ಮೊಬೈಲು ಸದ್ದನ್ನು ತಾನೇ ಏರಿಸುತ್ತದೆ, ತಾನೇ ಇಳಿಸುತ್ತದೆ. ಹಲಗಿಯ ಒಂದು ಪೆಟ್ಟು ಬಿದ್ದರೆ ಹಾಡು ನೀರಲ್ಲಿ ಮುಳುಗಿ ಎದ್ದಂತೆ ಆಗ್ತದ. ರೆಕಾರ್ಡರಿನಲ್ಲಿಯೂ ಆ ಆಟೋ ಗುಂಡಿ ಇರುತ್ತದೆ, ಬಂದ್ ಮಾಡ್ರಿ. ಕೈಯಿಂದ ಮಟ್ಟ ಇಡ್ರಿ: ಹಲಗಿಯವನಿಗೆ "ಮೆರವಣಿಗೆಯಲ್ಲಿ ಬಾರಿಸುವ ಹಾಗೆ ಬಾರಿಸು" ಅಂತ ಹೇಳಿ, ಆ ಪೆಟ್ಟಿಗೆ ಮುಳ್ಳು ಮೈನಸ್ 12ರ ಹತ್ತಿರ ನಿಲ್ಲಬೇಕು. ಪರೀಕ್ಷೆಗೆ ಎಲ್ಲರೂ ಮೆಲ್ಲಗೆ ಬಾರಿಸ್ತಾರೆ, ಹಾಡು ಶುರುವಾದ ಮೇಲೆ ಮೈಮರೀತಾರೆ. ಫೈಲು ವೇವ್, 24 ಬಿಟ್. ಒಂದು ನಿಮಿಷ ರೆಕಾರ್ಡ್ ಮಾಡ್ರಿ, ಕೇಳ್ರಿ, ಒಬ್ಬರನ್ನು ಒಂದು ಹೆಜ್ಜೆ ಸರಿಸ್ರಿ, ಮತ್ತೆ ಕೇಳ್ರಿ. ಜಾಗಕ್ಕೆ ಒಂದು ತಾಸು ಹೋದರೂ ಹೋಗಲಿ. ಒಬ್ಬನೇ ಹೆಡ್‌ಫೋನು ಹಾಕಿಕೊಂಡು ಸಾಹೇಬ ಆಗಬಾರದು, ಹಾಡುವವರೆಲ್ಲರೂ ಒಂದೊಂದು ಸಲ ಕೇಳಲಿ. ಹೆಣ್ಣುಮಕ್ಕಳಿಗೆ ಮೊದಲು ಕೊಡ್ರಿ, ಹಿಮ್ಮೇಳದಲ್ಲಿ ಅವರ ದನಿ ಮುಳುಗಿದ್ದು ಅವರಿಗೇ ಮೊದಲು ತಿಳಿಯುತ್ತದೆ.

ಹಾಡಿಗೆ ಮುಂಚೆ ಹತ್ತು ಸೆಕೆಂಡು ಎಲ್ಲರೂ ಸುಮ್ಮನೆ ನಿಲ್ಲಬೇಕು. ಆಮೇಲೆ ಒಬ್ಬರು ಮೈಕಿಗೆ ಹೇಳಬೇಕು: ಊರು, ತಾರೀಖು, ಹಾಡುವವರ, ಬಾರಿಸುವವರ ಪೂರ್ತಿ ಹೆಸರು, ಹಾಡು ಕಟ್ಟಿದವರು ಯಾರು. ಇದನ್ನು ಮಾತ್ರ ಯಾರೂ ಬಿಡಬಾರದು. ಯಾಕೆ ಅಂತ ಎರಡು ಕಥೆ ಹೇಳ್ತೀನಿ.

ಅಮೆರಿಕದಲ್ಲಿ 1933ರಲ್ಲಿ ಜಾನ್ ಲೋಮ್ಯಾಕ್ಸ್ ಅನ್ನುವವರು ಮಗನ ಜೊತೆ ಲೂಸಿಯಾನದ ಅಂಗೋಲಾ ಜೈಲಿಗೆ ಮಷೀನು ಒಯ್ದು ಲೆಡ್ ಬೆಲಿ ಎಂಬ ಕರಿಯ ಕೈದಿಯ ಹಾಡು ಹಿಡಿದರು. ಅವರು ಹಿಡಿಯದಿದ್ದರೆ ಆ ದನಿ ಜೈಲಿನಲ್ಲೇ ಉಳಿಯುತ್ತಿತ್ತೋ ಏನೋ. ಆದರೆ ಆ ಹಾಡುಗಳ ಹಕ್ಕಿನಲ್ಲಿ ಲೋಮ್ಯಾಕ್ಸ್ ಹೆಸರೂ ಸೇರಿಕೊಂಡಿತು. ಲೆಡ್ ಬೆಲಿ 1949ರ ಡಿಸೆಂಬರಿನಲ್ಲಿ ತೀರಿಕೊಂಡ. ಮರುವರ್ಷ ಅವನ 'ಗುಡ್‌ನೈಟ್ ಐರೀನ್' ಬೇರೊಂದು ಮೇಳದ ಬಾಯಲ್ಲಿ ದೇಶವೆಲ್ಲಾ ಮೊಳಗಿತು. ಅವನು ಅದನ್ನು ಕೇಳಲಿಲ್ಲ.

ಇನ್ನೊಂದು ನಮ್ಮ ಮರಾಠವಾಡಾದ್ದೇ. ಪುಣೆಯ ಹೇಮಾ ರಾಯಿರಕರ್ ಮತ್ತು ಗೀ ಪ್ವಾತ್ವಾಂ ಬೀಸುವ ಕಲ್ಲಿನ ಓವಿಗಳನ್ನು ಊರೂರು ತಿರುಗಿ ಒಂದು ಲಕ್ಷಕ್ಕೂ ಮೇಲೆ ಕೂಡಿಸಿದರು. 1996ರಲ್ಲಿ ಬೀಡ ಜಿಲ್ಲೆಯ ಮಾಜಲಗಾವದ ಭೀಮನಗರದಲ್ಲಿ ರಾಧಾಬಾಯಿ ಬೋರ್ಹಾಡೆ ಮತ್ತು ಅವರ ಜೊತೆಯ ಹೆಣ್ಣುಮಕ್ಕಳು ಬಾಬಾಸಾಹೇಬರ ಮೇಲೆ ಹಾಡಿದ್ದು ಅದರಲ್ಲಿದೆ. ಇವತ್ತು ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾದಲ್ಲಿ ಯಾರು ಬೇಕಾದರೂ ಕೇಳಬಹುದು. ಹಾಡಿದವರ ಹೆಸರು, ಊರು ಜೊತೆಗೇ ಇದೆ. ಭೀಮನಗರದ ಹೆಣ್ಣುಮಕ್ಕಳ ಹೆಸರು ಉಳಿದದ್ದು ಅಂದು ಯಾರೋ ಬರೆದುಕೊಂಡರು ಅನ್ನುವುದಕ್ಕೆ.

ಕಾನೂನೂ ನಮ್ಮ ಕಡೆ ಇದೆ. ಕಾಪಿರೈಟ್ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಹಾಡುವವರಿಗೂ ಬಾರಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಬಂದಿದೆ. ಹಾಗಾಗಿ ರೆಕಾರ್ಡ್ ಮಾಡುವ ಮೊದಲು ಕೇಳಬೇಕು, ಯೂಟ್ಯೂಬಿಗೆ ಹಾಕುವ ಮೊದಲು ಮತ್ತೊಮ್ಮೆ ಕೇಳಬೇಕು. ಸ್ವಂತ ಆಯಿಯಾದರೂ ಸರಿ.

ಫೈಲು ಎರಡು ಕಡೆ ಇಡಬೇಕು, ಒಂದು ಪೆನ್‌ಡ್ರೈವ್ ಹಾಡಿದವರ ಮನೆಗೇ ಹೋಗಬೇಕು. ಮೊಬೈಲು ಕಳೆದ ದಿನ ಅತ್ತರೆ ಹಾಡು ಬರುವುದಿಲ್ಲ.

ಮಳೆಗಾಲದಲ್ಲಿ ಹಲಗಿಯ ಚರ್ಮ ಸಡಿಲಾಗ್ತದ, ಕೆಲಸ ಸಾಗುವುದಿಲ್ಲ. ಮಳೆ ನಿಂತ ಮೇಲೆ ನನ್ನ ರೆಕಾರ್ಡರು ತರ್ತೀನಿ. ಯಾವ ಊರಿನಲ್ಲಿ ಹಾಡುವ ಹಿರಿಯರಿದ್ದಾರೆ, ಅವರ ವಯಸ್ಸು ಎಷ್ಟು, ಅಷ್ಟು ಬರೆದು ಸಂಘದ ಕಾರ್ಯದರ್ಶಿ ಕೈಗೆ ಕೊಡ್ರಿ. ವಯಸ್ಸು ಹೆಚ್ಚಾದವರ ಮನೆಗೆ ಮೊದಲು ಹೋಗೋಣ. ಕೌದಿ ನೀವು ತರ್ರಿ.

ಜೈಭೀಮ್.